ಡಾಕ್ಟರು, ವಕೀಲರು, ಎಂಜಿನಿಯರುಗಳಿಗೆ ಊರಿನ ಸಂಸ್ಥೆಗಳ ಪರಿಚಯ: ದಾವಣಗೆರೆಯಲ್ಲಿ ಹತ್ತು ತಿಂಗಳ ತರಬೇತಿ ಹೇಗಿರಬೇಕು?

ಸಿವಿಲ್ ಎಂಜಿನಿಯರ್, ನಿಜಲಿಂಗಪ್ಪ ಬಡಾವಣೆ

ಎಲ್ಲರಿಗೂ ನಮಸ್ಕಾರ. ಮೂರು ವೃತ್ತಿ ಸಂಘಗಳು ಸೇರಿ ಒಂದು ತರಬೇತಿಯ ಕರಡು ಸಿದ್ಧಪಡಿಸುತ್ತಿವೆ. ಡಾಕ್ಟರು, ವಕೀಲರು, ಆಡಿಟರು, ಬ್ಯಾಂಕಿನವರು, ಕಾಲೇಜು ಅಧ್ಯಾಪಕರು, ಸಣ್ಣ ಉದ್ಯಮಿಗಳು ಎಲ್ಲ ಸೇರಿದ ಒಂದೇ ತಂಡ. ತಿಂಗಳಿಗೆ ಒಂದು ಪೂರ್ತಿ ದಿನ, ಹತ್ತು ತಿಂಗಳು. ಪ್ರತಿ ಸಲ ಊರಿನ ಒಂದು ಸಂಸ್ಥೆಯ ಒಳಗೆ ಹೋಗಿ ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡುವುದು. ದಾವಣಗೆರೆಯಲ್ಲಿ ಓದಿದವರಿಗೆ ಕೊರತೆಯಿಲ್ಲ. ಆದರೆ ಪಾಲಿಕೆಯ ಸ್ಥಾಯಿ ಸಮಿತಿ ಏನು ಮಾಡುತ್ತದೆ, ಮೆಕ್ಕೆಜೋಳದ ದರ ಎ.ಪಿ.ಎಂ.ಸಿ.ಯಲ್ಲಿ ಯಾವ ಹೊತ್ತಿಗೆ ತೀರ್ಮಾನವಾಗುತ್ತದೆ, ನಲ್ಲಿಗೆ ನೀರು ಯಾವ ದಾರಿಯಲ್ಲಿ ಬರುತ್ತದೆ ಎಂದು ಕೇಳಿದರೆ ಬಹಳ ಮಂದಿಗೆ ಉತ್ತರ ಇರುವುದಿಲ್ಲ.

ಬೇಕಾಗಿರುವುದು ಇಷ್ಟು: ಯಾವ ಸಂಸ್ಥೆ ಯಾವ ತಿಂಗಳು, ಅನುಮತಿ ಹೇಗೆ, ತಂಡ ಎಷ್ಟು ದೊಡ್ಡದು, ಖರ್ಚೆಷ್ಟು, ಎಲ್ಲಿ ಕೆಡುತ್ತದೆ. ಆಯಾ ಕ್ಷೇತ್ರ ಬಲ್ಲವರು ದಯವಿಟ್ಟು ಬಿಡಿಸಿ ಬರೆಯಿರಿ.

ಪಂಚಾಯತ್‌ರಾಜ್ ತರಬೇತುದಾರ, ಹರಿಹರ

ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ ಸರ್. ಈ ಮಾದರಿಗೆ ಅಮೆರಿಕದಲ್ಲಿ ಹಳೆಯ ಇತಿಹಾಸವಿದೆ. ಫಿಲಡೆಲ್ಫಿಯಾದಲ್ಲಿ 1959ರಲ್ಲಿ, ಅಟ್ಲಾಂಟಾದಲ್ಲಿ 1969ರಲ್ಲಿ ಶುರುವಾಯಿತು. ಆಮೇಲೆ ಊರೂರಿನ ವಾಣಿಜ್ಯ ಮಂಡಳಿಗಳು ಕೈಗೆತ್ತಿಕೊಂಡವು. ಅಲ್ಲಿಂದ ನಾವು ಎತ್ತಿಕೊಳ್ಳಬೇಕಾದ್ದು ಮೂರು ಸಂಗತಿ: ಬೇರೆ ಬೇರೆ ವೃತ್ತಿಯವರ ಮಿಶ್ರ ತಂಡ, ತಿಂಗಳಿಗೊಂದೇ ದಿನ, ತರಗತಿಯ ಹೊರಗಿನ ಕಲಿಕೆ. ಉಳಿದದ್ದನ್ನು ಇಲ್ಲಿಯ ಕಚೇರಿಗಳ ನಡೆ ನೋಡಿಕೊಂಡು ನಾವೇ ಹೊಂದಿಸಿಕೊಳ್ಳಬೇಕು.

ಮೊದಲು ದಿನದ ವಿಚಾರ. ಉದ್ಯೋಗಸ್ಥರಿಗೆ ಅನುಕೂಲ ಅಂತ ಶನಿವಾರ ಇಡುವ ಆಸೆ ಬರುತ್ತದೆ. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ ರಜೆ. ಉಳಿದ ಶನಿವಾರವೂ ಸಿಬ್ಬಂದಿ ಅರ್ಧ ಮನಸ್ಸಿನಲ್ಲಿರುತ್ತಾರೆ. ಕೆಲಸ ನಡೆಯುವ ದಿನವೇ ಹೋಗಬೇಕು. ಮೂರನೇ ಗುರುವಾರ ಎಂದು ಇಡೀ ವರ್ಷಕ್ಕೆ ನಿಗದಿ ಮಾಡಿ, ತಂಡಕ್ಕೆ ಸೇರುವವರಿಂದ ಸೇರುವಾಗಲೇ ಒಪ್ಪಿಗೆ ಪಡೆಯಿರಿ.

ತಿಂಗಳುಗಳಿಗೆ ನನ್ನ ಸಲಹೆ: ಜೂನ್‌ನಲ್ಲಿ ಶುರು. ಜುಲೈ ಪಾಲಿಕೆ, ಆಗಸ್ಟ್ ನೀರು, ಸೆಪ್ಟೆಂಬರ್ ಗ್ರಾಮ ಪಂಚಾಯಿತಿ, ಅಕ್ಟೋಬರ್ ಶಾಲೆ, ನವೆಂಬರ್ ಎ.ಪಿ.ಎಂ.ಸಿ, ಡಿಸೆಂಬರ್ ನ್ಯಾಯಾಲಯ, ಜನವರಿ ಆಸ್ಪತ್ರೆ, ಫೆಬ್ರುವರಿಯಲ್ಲಿ ಮತ್ತೆ ಪಾಲಿಕೆ, ಬಜೆಟ್ ಓದುವುದಕ್ಕೆ. ಮಾರ್ಚ್‌ನಲ್ಲಿ ಯಾವ ಕಚೇರಿಗೂ ಹೋಗಬೇಡಿ. ಆರ್ಥಿಕ ವರ್ಷ ಮುಗಿಯುವ ಹೊತ್ತು, ಬಿಲ್ಲುಗಳ ಗಡಿಬಿಡಿ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದಲ್ಲ, ಆ ವರ್ಷ ಪಾಲಿಕೆ, ಪೊಲೀಸು, ಬೆಸ್ಕಾಂ ಮೂರೂ ಆ ಕೆಲಸದಲ್ಲಿ ಮುಳುಗಿರುತ್ತವೆ. ಪಾಲಿಕೆಯ ಎರಡನೇ ಭೇಟಿಯನ್ನು ಜನವರಿಗೆ ಹಿಂದೆ ಸರಿಸಿ, ಆಸ್ಪತ್ರೆಯನ್ನು ಡಿಸೆಂಬರ್ ಕೊನೆಗೆ ತನ್ನಿ. ಚುನಾವಣಾ ನೀತಿಸಂಹಿತೆ ಬಂದರೆ ಜನಪ್ರತಿನಿಧಿಗಳ ಜೊತೆಗಿನ ಮಾತುಕತೆ ಮಾತ್ರ ಮುಂದೂಡಿದರೆ ಸಾಕು. ಮಾರುಕಟ್ಟೆ, ನೀರಿನ ಘಟಕ, ಶಾಲೆ ಅವುಗಳ ಪಾಡಿಗೆ ನಡೆಯುತ್ತಿರುತ್ತವೆ.

ಮೊದಲ ದಿನ ಭಾಷಣ ಇಡಬೇಡಿ. ಒಂದು ನಕ್ಷೆ ಮಾಡಿಸಿ: ಊರಿನ ಯಾವ ಸಂಸ್ಥೆಗೆ ತೀರ್ಮಾನ ಎಲ್ಲಿಂದ ಬರುತ್ತದೆ ಎಂಬ ನಕ್ಷೆ. ಜಿಲ್ಲೆ 1997ರ ಆಗಸ್ಟ್ 15ರಂದು ಚಿತ್ರದುರ್ಗದಿಂದ ಬೇರ್ಪಟ್ಟಿತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಬಳ್ಳಾರಿಯಿಂದ ಬಂದಿದ್ದ ಹರಪನಹಳ್ಳಿ ತಿರುಗಿ ಬಳ್ಳಾರಿಗೆ ಹೋಗಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೀಗಾಗಿ ಎಳೆಗಳು ನಾಲ್ಕು ದಿಕ್ಕಿಗೆ ಹೋಗುತ್ತವೆ. ನಾಲೆ ನೀರಿನ ಅಚ್ಚುಕಟ್ಟು ನೋಡಿಕೊಳ್ಳುವ ಭದ್ರಾ ಕಾಡಾ ಕಚೇರಿ ಶಿವಮೊಗ್ಗದಲ್ಲಿ. ಹಾಲು ಒಕ್ಕೂಟ ಶಿಮುಲ್, ಅದೂ ಶಿವಮೊಗ್ಗದಲ್ಲಿ. ರೈಲ್ವೆ ಮೈಸೂರು ವಿಭಾಗ. ಕರೆಂಟು ಬೆಂಗಳೂರಿನ ಬೆಸ್ಕಾಂ. ಎಂಜಿನಿಯರಿಂಗ್ ಕಾಲೇಜುಗಳಿಗೆ ಬೆಳಗಾವಿಯ ವಿ.ಟಿ.ಯು. ಹೈಕೋರ್ಟ್‌ಗೆ ಬೆಂಗಳೂರಿಗೇ ಹೋಗಬೇಕು, ಪಕ್ಕದ ಹಾವೇರಿಯವರ ಹಾಗೆ ಧಾರವಾಡ ಪೀಠಕ್ಕಲ್ಲ. ಪೂರ್ವ ವಲಯದ ಐಜಿಪಿ ಕಚೇರಿ ಮಾತ್ರ ನಮ್ಮೂರಲ್ಲೇ ಇದೆ. ದೊಡ್ಡ ಬಿಳಿ ಹಾಳೆ ಮೇಲೆ ತಂಡವೇ ಇದನ್ನು ಬರೆಯಲಿ. ಯಾವ ಸಮಸ್ಯೆಗೆ ಯಾವ ಊರಿನ ಬಾಗಿಲು ತಟ್ಟಬೇಕು ಎಂಬುದು ಅಲ್ಲಿಗೇ ಅರ್ಧ ತಿಳಿದುಬಿಡುತ್ತದೆ.

ಲೆಕ್ಕಪರಿಶೋಧಕಿ, ವಿದ್ಯಾನಗರ

ತಂಡ 24 ಜನಕ್ಕಿಂತ ದೊಡ್ಡದು ಬೇಡ. ಕಾರಣ ಸರಳ: ನಾಲ್ಕು ಗುಂಪು ಮಾಡಿದರೆ ತಲಾ ಆರು ಜನ. ಆಸ್ಪತ್ರೆಯ ವಾರ್ಡಿಗೆ, ಶಾಲೆಯ ಅಡುಗೆಮನೆಗೆ ಆರಕ್ಕಿಂತ ಹೆಚ್ಚು ಜನ ನುಗ್ಗಿದರೆ ಅಲ್ಲಿಯ ಕೆಲಸವೇ ನಿಲ್ಲುತ್ತದೆ. ಒಂದೇ ವೃತ್ತಿಯಿಂದ ಮೂರು ಜನಕ್ಕಿಂತ ಹೆಚ್ಚು ಬೇಡ. ನಾಲ್ವರು ಡಾಕ್ಟರು ಸೇರಿದರೆ ಅವರ ಮಾತು ಅವರಲ್ಲೇ ಉಳಿಯುತ್ತದೆ.

ಹಣದ ವಿಚಾರ. 18 ಜನ ತಲಾ 5,000 ಕೊಡಲಿ, ಒಟ್ಟು 90,000. ಉಳಿದ ಆರು ಸ್ಥಾನ ಶುಲ್ಕವಿಲ್ಲದೆ: ಸರ್ಕಾರಿ ಶಾಲೆ ಶಿಕ್ಷಕರು, ನರ್ಸುಗಳು, ಅಂಗನವಾಡಿ ಮೇಲ್ವಿಚಾರಕಿಯರು, ಸ್ವಸಹಾಯ ಸಂಘಗಳ ಒಕ್ಕೂಟದವರು. ಈ ಆರು ಜನ ಇಲ್ಲದಿದ್ದರೆ ತಂಡದಲ್ಲಿ ಸಂಸ್ಥೆಗಳನ್ನು ಒಳಗಿನಿಂದ ಬಲ್ಲವರೇ ಇರುವುದಿಲ್ಲ. ಹೊರಗೆ ಹೋಗುವ ದಿನ ಎಂಟು. ಮಿನಿ ಬಸ್ಸಿಗೆ ದಿನಕ್ಕೆ 5,500, ತಿಂಡಿ ಊಟಕ್ಕೆ ತಲಾ 120ರಂತೆ 28 ಜನಕ್ಕೆ 3,360 ಎಂದು ಹಿಡಿಯಿರಿ. ದಿನಕ್ಕೆ 8,860, ಎಂಟು ದಿನಕ್ಕೆ 70,880. ಉಳಿಯುವ 19,120ರಲ್ಲಿ ಮೊದಲ ಮತ್ತು ಕೊನೆಯ ದಿನದ ಖರ್ಚು, ಜೆರಾಕ್ಸು, ಅಳತೆ ಟೇಪು, ನೀರು ಪರೀಕ್ಷೆ ಕಿಟ್ಟು. ದರ ಹೆಚ್ಚು ಕಡಿಮೆ ಆಗಬಹುದು, ಲೆಕ್ಕದ ಚೌಕಟ್ಟು ಇದೇ.

ಪ್ರಾಯೋಜಕರು ಬೇಡ ಎಂದು ಕಟ್ಟುನಿಟ್ಟಾಗಿ ಬರೆದುಕೊಳ್ಳಿ. ಬ್ಯಾನರಿನ ಮೇಲೆ ಗುತ್ತಿಗೆದಾರರ ಹೆಸರಿದ್ದರೆ ಪಾಲಿಕೆಯಲ್ಲಿ ಕಡತ ತೋರಿಸುವವರು ಹಿಂಜರಿಯುತ್ತಾರೆ, ಅದು ಸರಿಯೂ ಹೌದು. ಹಾಗೆಯೇ ಸೇರುವ ಪ್ರತಿಯೊಬ್ಬರೂ ಒಂದು ಹಾಳೆ ಭರ್ತಿ ಮಾಡಬೇಕು: ಯಾವ ಸಂಸ್ಥೆಯ ಜೊತೆ ವ್ಯವಹಾರವಿದೆ, ಯಾವುದರ ಲೆಕ್ಕ ತಪಾಸಣೆ ಮಾಡುತ್ತೀರಿ, ಯಾವುದರ ಮೇಲೆ ಕೇಸಿದೆ. ವ್ಯವಹಾರ ಇದ್ದವರು ಆ ದಿನ ಪ್ರಶ್ನೆ ಕೇಳದೆ ನೋಡುವುದಕ್ಕೆ ಮಾತ್ರ ಬರಲಿ.

ಸಿವಿಲ್ ಎಂಜಿನಿಯರ್, ನಿಜಲಿಂಗಪ್ಪ ಬಡಾವಣೆ

ಧನ್ಯವಾದ ಮೇಡಂ, 24 ಎಂದೇ ಇಡುತ್ತೇವೆ. ಪಾಲಿಕೆಯಲ್ಲಿ ಏನು ನೋಡಬೇಕು ಎಂಬುದು ಮುಂದಿನ ಪ್ರಶ್ನೆ. ಸಭಾಂಗಣದಲ್ಲಿ ಕೂರಿಸಿ ಪರದೆ ಮೇಲೆ ಚಿತ್ರ ತೋರಿಸಿ, ಶಾಲು ಹೊದೆಸಿ ಕಳಿಸುವ ಭೇಟಿ ಆಗಬಾರದು.

ಪಂಚಾಯತ್‌ರಾಜ್ ತರಬೇತುದಾರ, ಹರಿಹರ

ಆಗಬಾರದು ಅಂದರೆ ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡೇ ಹೋಗಬೇಕು. ಕಾಗದವಿಲ್ಲದ ಭೇಟಿ ಪ್ರವಾಸ ಆಗುತ್ತದೆ. ಎಲ್ಲ ಸಂಸ್ಥೆಗೂ ಇದೇ ನಿಯಮ ಇಟ್ಟುಕೊಳ್ಳಿ.

ಪಾಲಿಕೆಗೆ: ಮುಗಿದ ಒಂದು ಚರಂಡಿ ಕಾಮಗಾರಿಯ ಕಡತದ ನಕಲು. ಬಿಲ್ ಪಾವತಿಯಾದ ಕಾಮಗಾರಿಯನ್ನೇ ಆರಿಸಿ. ನಡೆಯುತ್ತಿರುವುದನ್ನು ಕೇಳಿದರೆ ತನಿಖೆ ಬಂದ ಹಾಗೆ ಆಗುತ್ತದೆ. ತಾನಾಗಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ, ಪುಟಕ್ಕೆ 2 ರೂಪಾಯಿ. ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಲಿ. 30 ದಿನ ಹಿಡಿಯುತ್ತದೆ, ಆದ್ದರಿಂದ ಜುಲೈ ಭೇಟಿಗೆ ಮೇ ಕೊನೆಗೇ ಹಾಕಬೇಕು.

ಕಡತದಲ್ಲಿ ಈ ಸರಣಿ ಇರುತ್ತದೆ: ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕ, ಗುಣಮಟ್ಟದ ವರದಿ, ಬಿಲ್. ಅಂದಾಜು ಪಟ್ಟಿಯ ದರ ಎಸ್.ಆರ್. ಪುಸ್ತಕದ್ದು, ಅಂದರೆ ಸರ್ಕಾರದ ದರಪಟ್ಟಿಯದು. ಬೆಳಗ್ಗೆ ಕಡತ ಓದಿ, ಆಮೇಲೆ ಟೇಪು ಹಿಡಿದು ಆ ಚರಂಡಿಗೇ ಹೋಗಿ. ಉದಾಹರಣೆಗೆ 100 ಮೀಟರ್ ಉದ್ದದ ಕಾಂಕ್ರೀಟ್ ಚರಂಡಿ, ಎರಡೂ ಗೋಡೆ 75 ಸೆಂ.ಮೀ. ಎತ್ತರ, 15 ಸೆಂ.ಮೀ. ದಪ್ಪ. ಗೋಡೆಗಳಿಗೆ 22.5 ಘನ ಮೀಟರ್ ಕಾಂಕ್ರೀಟ್ ಬೇಕು. ಒಳಗಿನ ಅಗಲ 60 ಸೆಂ.ಮೀ. ಇದ್ದರೆ ತಳ ಗೋಡೆ ಸೇರಿ 90 ಸೆಂ.ಮೀ. ಆಗುತ್ತದೆ, 15 ಸೆಂ.ಮೀ. ದಪ್ಪಕ್ಕೆ 13.5 ಘನ ಮೀಟರ್. ಒಟ್ಟು 36. ಗೋಡೆಯ ದಪ್ಪ 12.5 ಸೆಂ.ಮೀ. ಸಿಕ್ಕಿದರೆ ಗೋಡೆಯಲ್ಲೇ 3.75 ಘನ ಮೀಟರ್ ಕಡಿಮೆ. ಅಳತೆ ಪುಸ್ತಕ ಯಾಕೆ ಅಷ್ಟು ಮುಖ್ಯ ಎಂದು ವಕೀಲರಿಗೂ ಡಾಕ್ಟರಿಗೂ ಆ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ.

ಪಾಲಿಕೆಯ ರಚನೆ ಹೇಳುವುದಕ್ಕೆ ಅರ್ಧ ಗಂಟೆ ಸಾಕು. 2007ರಲ್ಲಿ ಮಹಾನಗರ ಪಾಲಿಕೆ ಆಯಿತು, 45 ವಾರ್ಡು, ನಾಲ್ಕು ಸ್ಥಾಯಿ ಸಮಿತಿ: ತೆರಿಗೆ–ಹಣಕಾಸು, ಆರೋಗ್ಯ–ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಚುನಾಯಿತ ಕೌನ್ಸಿಲ್ ಇಲ್ಲದ ಅವಧಿಯಲ್ಲಿ ಆಡಳಿತಾಧಿಕಾರಿಯೇ ಎಲ್ಲ ಒಪ್ಪುತ್ತಾರೆ. ಆಗ ಹಿಂದಿನ ಸ್ಥಾಯಿ ಸಮಿತಿ ಅಧ್ಯಕ್ಷರಾಗಿದ್ದವರನ್ನು ಬೇರೆಯಾಗಿ ಕರೆಸಿ ಮಾತಾಡಿಸಿ. ಎರಡು ಬೇರೆ ಪಕ್ಷದವರು ಒಟ್ಟಿಗೆ ಕೂತರೆ ಒಳ್ಳೆಯದು.

ನಿವೃತ್ತ ಮೇಲ್ವಿಚಾರಕ, ನೀರು ಸರಬರಾಜು

ಆಗಸ್ಟ್ ತಿಂಗಳು ನೀರಿಗೆ ಇಟ್ಟದ್ದು ಸರಿ ಐತ್ರಿ. ಹೊಳೆ ಕೆಂಪಾಗಿರ್ತದೆ, ಶುದ್ಧೀಕರಣ ಅಂದ್ರೇನು ಅಂತ ಕಣ್ಣಿಗೆ ಕಾಣ್ತದೆ. ಬೇಸಿಗೆಯಲ್ಲಿ ಹೋದ್ರೆ ತಿಳಿ ನೀರು ಒಳಗೆ ಹೋಗಿ ತಿಳಿ ನೀರು ಹೊರಗೆ ಬರ್ತದೆ, ಏನೂ ಗೊತ್ತಾಗೋದಿಲ್ಲ.

ಊರಿಗೆ ನೀರಿನ ದಾರಿ ಎರಡು. ಒಂದು ತುಂಗಭದ್ರಾ ಹೊಳೆ, ರಾಜನಹಳ್ಳಿಯಿಂದ ಪಂಪು. ಇನ್ನೊಂದು ಭದ್ರಾ ನಾಲೆ, ಅದರಿಂದ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬಿಸ್ತಾರೆ. ನಾಲೆ ಬಂದಾದ ಮೇಲೆ ಕೆರೆಯಲ್ಲಿ ಇದ್ದಷ್ಟೇ ನೀರು. ಅದಕ್ಕೇ ಭದ್ರಾ ಡ್ಯಾಂ 186 ಅಡಿಗೆ ಎಷ್ಟು ಬಾಕಿ ಅಂತ ಇಲ್ಲಿಯವರು ದಿನಾ ನೋಡೋದು. ದಾವಣಗೆರೆ ಭಾಗ ನಾಲೆಯ ಕೊನೆ ಭಾಗ. ಮೇಲಿನವರು ಎತ್ತಿಕೊಂಡು ಉಳಿದದ್ದು ಇಲ್ಲಿಗೆ. 2023ರಲ್ಲಿ ಮಳೆ ಕೈಕೊಟ್ಟು ನಾಲೆಗೆ ಆನ್–ಆಫ್ ಪದ್ಧತಿ (ಕೆಲವು ದಿನ ನೀರು ಬಿಡೋದು, ಕೆಲವು ದಿನ ನಿಲ್ಲಿಸೋದು) ತಂದಾಗ ಈ ಭಾಗದ ರೈತರು ಬೀದಿಗೆ ಇಳಿದದ್ದು ಈ ಕಾರಣಕ್ಕೇ. ನೀರು ಎಷ್ಟು ದಿನ ಬಿಡಬೇಕು ಅಂತ ತೀರ್ಮಾನಿಸೋದು ನೀರಾವರಿ ಸಲಹಾ ಸಮಿತಿ, ಪಾಲಿಕೆ ಅಲ್ಲ. ಇದನ್ನ ತಂಡಕ್ಕೆ ಮೊದಲು ಹೇಳ್ರಿ.

ಹೋಗೋ ಕ್ರಮ ನೀರಿನ ಕ್ರಮದಲ್ಲೇ ಇರಲಿ. ಬೆಳಗ್ಗೆ ರಾಜನಹಳ್ಳಿ, ಆಮೇಲೆ ಬಾತಿ ಶುದ್ಧೀಕರಣ ಘಟಕ, ಆಮೇಲೆ ಒಂದು ಓವರ್‌ಹೆಡ್ ಟ್ಯಾಂಕು, ಕೊನೆಗೆ ಆ ಟ್ಯಾಂಕಿನ ಲೈನಿನಲ್ಲಿ ಕಟ್ಟಕಡೆಯ ಮನೆ. ತಿರುವುಮುರುವು ಮಾಡಬೇಡ್ರಿ.

ಘಟಕದಲ್ಲಿ ಜಾರ್ ಟೆಸ್ಟ್ ಮಾಡಿಸಿ ನೋಡ್ರಿ. ಆರು ಬೀಕರು, ಒಂದೊಂದರಲ್ಲಿ ಒಂದು ಲೀಟರ್ ಹೊಳೆ ನೀರು. ಆಲಂ, ಅಂದ್ರೆ ಪಟಿಕ, ಲೀಟರಿಗೆ 10, 20, 30 ಹೀಗೆ 60 ಮಿಲಿಗ್ರಾಂವರೆಗೆ. ಒಂದು ನಿಮಿಷ ಜೋರಾಗಿ ಕಲಕಬೇಕು, ಆಮೇಲೆ ಕಾಲು ಗಂಟೆ ನಿಧಾನ, ಆಮೇಲೆ ಅರ್ಧ ಗಂಟೆ ಅಲುಗಾಡಿಸದೆ ಬಿಡಬೇಕು. ಯಾವ ಬೀಕರಲ್ಲಿ ಅತಿ ಕಡಿಮೆ ಆಲಂನಿಂದ ನೀರು ತಿಳಿಯಾಯ್ತೋ ಅದೇ ಆವತ್ತಿನ ಡೋಸು. ಮಳೆ ಬಂದ ಮರುದಿನ ಡೋಸು ಬದಲಾಗ್ತದೆ. ನಿನ್ನೆಯ ಡೋಸನ್ನೇ ಇವತ್ತೂ ಹಾಕಿದರೆ ಫಿಲ್ಟರ್ ಬೇಗ ಕಟ್ಟಿಕೊಳ್ತದೆ.

ಕ್ಲೋರಿನ್ ಪರೀಕ್ಷೆ ಮೂರು ಕಡೆ ಮಾಡ್ರಿ: ಘಟಕದ ಹೊರಹರಿವು, ಟ್ಯಾಂಕು, ಕೊನೆ ಮನೆ. ನಲ್ಲಿ ಎರಡು ನಿಮಿಷ ಬಿಟ್ಟು, ಟ್ಯೂಬು ಅದೇ ನೀರಲ್ಲಿ ತೊಳೆದು, ಗುರುತಿನವರೆಗೆ ತುಂಬಿ, ಕಿಟ್ಟಿನ ಔಷಧ ಹಾಕಿ ಬಣ್ಣ ಹೋಲಿಸಬೇಕು. ಕೊನೆ ಮನೆಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದ್ರೂ ಉಳಿದಿರಬೇಕು. ಎಲ್ಲರೂ ತಪ್ಪೋದು ಎಲ್ಲಿ ಅಂದ್ರೆ ಸಂಪಿನ ನೀರು ಹಿಡಿದು ಪರೀಕ್ಷೆ ಮಾಡ್ತಾರೆ. ಸಂಪಿನಲ್ಲಿ ನಿಂತ ನೀರಿನ ಕ್ಲೋರಿನ್ ಹಾರಿಹೋಗಿರ್ತದೆ, ತಪ್ಪು ಘಟಕದ್ದು ಅಂತ ಬರೀತಾರೆ. ನೀರು ಬಿಡೋ ಹೊತ್ತಿಗೆ ಸರಿಯಾಗಿ ಆ ಮನೆ ಮುಂದೆ ಇರಬೇಕು. ಬಿಡೋ ಸಮಯ ವಾಲ್ವ್‌ಮನ್‌ಗೆ ಗೊತ್ತಿರ್ತದೆ, ಅವರನ್ನ ಕೇಳ್ರಿ. ಇಡೀ ದಿನದಲ್ಲಿ ವಾಲ್ವ್‌ಮನ್ ಜೊತೆ ಇಪ್ಪತ್ತು ನಿಮಿಷ ಮಾತಾಡದೆ ಬರಬೇಡ್ರಿ.

ಸಿವಿಲ್ ಎಂಜಿನಿಯರ್, ನಿಜಲಿಂಗಪ್ಪ ಬಡಾವಣೆ

ಸರ್, ಇದು ಬಹಳ ಉಪಯೋಗ. ಒಂದು ಲೆಕ್ಕವನ್ನೂ ಸೇರಿಸಬಹುದು: 2011ರ ಜನಗಣತಿಯ ಸುಮಾರು 4.35 ಲಕ್ಷ ಜನಕ್ಕೆ ತಲಾ 135 ಲೀಟರ್ ಎಂದರೆ ದಿನಕ್ಕೆ ಸುಮಾರು 5.9 ಕೋಟಿ ಲೀಟರ್. ಆವತ್ತು ಪಂಪಾದ ನೀರಿನ ಪ್ರಮಾಣವನ್ನು ಲಾಗ್ ಪುಸ್ತಕದಿಂದ ಬರೆದುಕೊಂಡು ಪಕ್ಕದಲ್ಲಿ ಇಡಬೇಕು. ಎ.ಡಿ.ಬಿ. (ಏಷ್ಯನ್ ಅಭಿವೃದ್ಧಿ ಬ್ಯಾಂಕ್) ಸಾಲದ ಜಲಸಿರಿ ಕುಡಿಯುವ ನೀರಿನ ಯೋಜನೆ ಇಲ್ಲಿ, ಹರಿಹರದಲ್ಲಿ ಯಾಕೆ ಬಂತು ಎಂದು ಮಾತು ಅಲ್ಲಿಂದ ಎತ್ತಬಹುದು.

ದಲ್ಲಾಳಿ ಅಂಗಡಿ, ಎ.ಪಿ.ಎಂ.ಸಿ ಯಾರ್ಡ್

ಎ.ಪಿ.ಎಂ.ಸಿ.ಗೆ ನವೆಂಬರ್ ಇಟ್ಟೀರಿ, ಮೆಕ್ಕೆಜೋಳದ ಸುಗ್ಗಿ, ಸರಿ. ಆದ್ರೆ ಮಧ್ಯಾಹ್ನ ಊಟ ಮುಗಿಸಿ ಬರಬೇಡ್ರಿ. ಮಾಲು ಬರೋದ್ರಿಂದ ಹಿಡಿದು ತೂಕ ಆಗೋವರೆಗೆ ಒಂದೇ ಲಾಟಿನ ಹಿಂದೆ ಹೋಗಬೇಕು. ಗೇಟಿನಲ್ಲಿ ರೈತನ ಹೆಸರು, ಮಾಲು, ಚೀಲ ಬರೆಸಿ ಲಾಟ್ ನಂಬರ್ ಬೀಳ್ತದೆ. ಅಂಗಡಿ ಮುಂದೆ ಸುರಿದ ಮೇಲೆ ಖರೀದಿದಾರರು ಕೈಯಲ್ಲಿ ಹಿಡಿದು ನೋಡಿ ಹೋಗ್ತಾರೆ. ಆಮೇಲೆ ಆನ್‌ಲೈನ್ ಟೆಂಡರು, ನಿಗದಿ ಹೊತ್ತಿಗೆ ಬಂದ್. ಹೆಚ್ಚು ಬರೆದವರ ಹೆಸರು ಬರ್ತದೆ. ದರ ಒಪ್ಪದಿದ್ರೆ ಬೇಡ ಅನ್ನೋ ಹಕ್ಕು ರೈತನಿಗೆ ಐತಿ. ಒಪ್ಪಿದ್ರೆ ತೂಕ, ಚೀಲ ಹೊಲಿಯೋದು, ಪಟ್ಟಿ, ಅಂದ್ರೆ ರೈತನಿಗೆ ಕೊಡೋ ಲೆಕ್ಕದ ಬಿಲ್ಲು.

ಪಟ್ಟಿಯನ್ನ ಓದಿಸ್ರಿ. ಕಾನೂನಿನ ಪ್ರಕಾರ ಕಮಿಷನ್ನು, ಮಾರುಕಟ್ಟೆ ಶುಲ್ಕ ಎರಡೂ ಖರೀದಿದಾರರ ಮೇಲೆ. ರೈತನ ಹಣದಲ್ಲಿ ಕಮಿಷನ್ ಮುರಿಯೋ ಹಾಗಿಲ್ಲ. ಬಿಳಿ ಚೀಟಿ (ಅಧಿಕೃತ ಬಿಲ್ಲಿಲ್ಲದ) ವ್ಯವಹಾರ, ಚೀಲಕ್ಕಿಷ್ಟು ಅಂತ ಸೂಟು ತೆಗೆಯೋದು, ಅಂದ್ರೆ ತೂಕದಲ್ಲಿ ಮುರಿಯೋದು, ಸ್ಯಾಂಪಲ್ ಅಂತ ಮಾಲು ಎತ್ತಿಕೊಳ್ಳೋದು ಇವೆಲ್ಲ ಕಾನೂನಿಗೆ ವಿರುದ್ಧ. ಅಧಿಕೃತ ಪಟ್ಟಿ ಹ್ಯಾಂಗಿರ್ತದೆ ಅಂತ ಗೊತ್ತಿದ್ದವರಿಗೇ ಬಿಳಿ ಚೀಟಿ ಗುರುತು ಸಿಗೋದು.

ದರ ಯಾಕೆ ಬೀಳ್ತದೆ ಅನ್ನೋದಕ್ಕೆ ತೇವಾಂಶದ ಲೆಕ್ಕ ಮಾಡಿಸ್ರಿ. 100 ಕೆ.ಜಿ. ಮೆಕ್ಕೆಜೋಳದಲ್ಲಿ ತೇವ 20 ಪರ್ಸೆಂಟ್ ಇದ್ರೆ ಒಣ ಪದಾರ್ಥ 80 ಕೆ.ಜಿ. ಅದನ್ನ 14 ಪರ್ಸೆಂಟಿಗೆ ಒಣಗಿಸಿದ್ರೆ 80ನ್ನ 0.86ರಿಂದ ಭಾಗಿಸಬೇಕು, 93 ಕೆ.ಜಿ. ಬರ್ತದೆ. ಏಳು ಕೆ.ಜಿ. ನೀರೇ ಹೋಯ್ತು. ಅದರ ಮೇಲೆ ಹಸಿ ಮಾಲು ಗೋದಾಮಿನಲ್ಲಿ ಬೂಸ್ಟು ಹಿಡೀತದೆ, ಕೋಳಿ ಮೇವಿನವರು ವಾಪಸ್ ಕಳಿಸ್ತಾರೆ. ಅದಕ್ಕೇ ಖರೀದಿದಾರ ಎರಡು ಪಟ್ಟು ಹೆದರಿ ದರ ಇಳಿಸ್ತಾನೆ. ರೈತನಿಗೆ ಒಣಗಿಸೋ ಕಣ ಇಲ್ಲ, ರಸ್ತೆ ಮೇಲೆ ಹರಡ್ತಾನೆ, ಮಳೆ ಬಂದ್ರೆ ಮುಗೀತು. 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಇದ್ದರೂ ಯಾರ್ಡಿನಲ್ಲಿ ಯಾಕೆ ಅದು ಸಿಗೋದಿಲ್ಲ ಅಂದ್ರೆ, ಖರೀದಿ ಕೇಂದ್ರ ತೆರೆಯದೆ ಬೆಂಬಲ ಬೆಲೆ ಬರೀ ಕಾಗದದ ಮೇಲಿನ ದರ. ವ್ಯಾಪಾರಿ ಆ ದರಕ್ಕೇ ಕೊಳ್ಳಬೇಕು ಅಂತಿಲ್ಲ.

ತೇವಾಂಶ ಮೀಟರು ಮೂರು ಅಂಗಡಿಯಲ್ಲಿ ಒಂದೇ ಮಾಲಿಗೆ ಹಿಡಿದು ನೋಡ್ರಿ. ವ್ಯತ್ಯಾಸ ಬಂದ್ರೆ ಅದೇ ದೊಡ್ಡ ಪಾಠ.

ಬ್ಯಾಂಕ್ ಅಧಿಕಾರಿ, ಎಂ.ಸಿ.ಸಿ. ಬಿ ಬ್ಲಾಕ್

ವರ್ಗಾವಣೆ ಮೇಲೆ ಬಂದು ಎರಡು ಮೂರು ವರ್ಷ ಇರುವವರಿಗೂ ಸ್ಥಾನ ಇಡಿ. ಊರು ಬಿಟ್ಟು ಹೋಗುವವರಿಗೆ ಯಾಕೆ ಎಂಬ ಪ್ರಶ್ನೆ ಬರಬಹುದು. ಸಾಲ ಮಂಜೂರು ಮಾಡುವ, ಪೊಲೀಸ್ ಠಾಣೆ ನಡೆಸುವ, ಕಾಲೇಜಿನಲ್ಲಿ ಪಾಠ ಮಾಡುವ ಬಹಳ ಜನ ವರ್ಗಾವಣೆಯವರೇ. ಗೋದಾಮು ರಸೀದಿ ಮೇಲೆ ಸಾಲ ಕೊಡುವ ಅಧಿಕಾರಿ ಮೆಕ್ಕೆಜೋಳದ ಸುಗ್ಗಿ ನೋಡಿರಬೇಕು. ಜಿಲ್ಲಾ ಮಟ್ಟದ ಬ್ಯಾಂಕುಗಳ ಪರಿಶೀಲನಾ ಸಭೆ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ. ಅದರ ನಡಾವಳಿಯಲ್ಲಿ ಸಾಲ–ಠೇವಣಿ ಅನುಪಾತ ತಾಲ್ಲೂಕುವಾರು ಸಿಕ್ಕರೆ ಜಗಳೂರಿನ ಅಂಕಿ, ದಾವಣಗೆರೆಯ ಅಂಕಿ ಪಕ್ಕಪಕ್ಕ ಇಟ್ಟು ಓದಿಸಿ. ಇದಕ್ಕೆ ಬೇರೆ ದಿನ ಬೇಡ, ಎ.ಪಿ.ಎಂ.ಸಿ. ದಿನದ ಮಧ್ಯಾಹ್ನಕ್ಕೆ ಸೇರಿಸಿದರೆ ಸಾಕು.

ವಕೀಲ, ಪಿ.ಜೆ. ಬಡಾವಣೆ

ನ್ಯಾಯಾಲಯದ ದಿನಕ್ಕೆ ಕೆಲವು ಸ್ಪಷ್ಟನೆ. ತೆರೆದ ನ್ಯಾಯಾಲಯದಲ್ಲಿ ಯಾರು ಬೇಕಾದರೂ ಕೂತು ಕಲಾಪ ನೋಡಬಹುದು. ಆದರೂ 24 ಜನ ಒಂದೇ ಹಾಲಿಗೆ ಹೋಗುವಂತಿಲ್ಲ, ಆರಾರು ಜನ ನಾಲ್ಕು ಕೋರ್ಟಿಗೆ ಹಂಚಿಕೊಳ್ಳಿ. ಫೋನ್ ಆಫ್. ಬೆಳಗ್ಗೆ ಮೊದಲ ಒಂದು ಗಂಟೆಯ ಕರೆ ನೋಡಿ: ಎಷ್ಟು ಕೇಸು ಕರೆದರು, ಎಷ್ಟು ಮುಂದಕ್ಕೆ ಹೋದವು, ಯಾವ ಕಾರಣಕ್ಕೆ. ಸಮನ್ಸ್ ಜಾರಿಯಾಗಿಲ್ಲ, ಸಾಕ್ಷಿ ಬಂದಿಲ್ಲ, ವಕೀಲರು ಸಮಯ ಕೇಳಿದರು, ವರದಿ ಬಂದಿಲ್ಲ ಎಂದು ನಾಲ್ಕು ಕಲಂ ಹಾಕಿ ಗುರುತು ಮಾಡಿಕೊಳ್ಳಿ. ವಿಳಂಬದ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿದೆ, ಕಾರಣಗಳ ಪಟ್ಟಿ ಕೈಯಲ್ಲಿರುವವರು ಕಡಿಮೆ.

ಮಧ್ಯಾಹ್ನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಇವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಇದು ಡಾಕ್ಟರಿಗೆ, ಶಿಕ್ಷಕರಿಗೆ ಗೊತ್ತಿದ್ದರೆ ಎಷ್ಟೋ ಜನ ತಡವಾಗಿ ಬರುವುದು ತಪ್ಪುತ್ತದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ತೀರ್ಪು ಅಂತಿಮ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕ ವಾಪಸ್.

ಮಕ್ಕಳ ಕಲ್ಯಾಣ ಸಮಿತಿ, ಬಾಲ ನ್ಯಾಯ ಮಂಡಳಿಗಳ ಕಲಾಪ ನೋಡಲು ಅನುಮತಿ ಕೇಳಲೇ ಬೇಡಿ. ಮಗುವಿನ ಗುರುತು ಬಹಿರಂಗವಾಗುವುದನ್ನು 2015ರ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಕಲಾಪವಿಲ್ಲದ ಹೊತ್ತಿನಲ್ಲಿ ಸದಸ್ಯರೊಬ್ಬರನ್ನು ಬೇರೆ ಕಡೆ ಕರೆಸಿ ಮಾತಾಡಿಸಿ. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಹಾಜರುಪಡಿಸಬೇಕು. ಬಾಲಮಂದಿರಕ್ಕೆ ಹಣ್ಣು ಹಂಚಲು ಹೋಗುವ, ಫೋಟೋ ತೆಗೆಯುವ ಯೋಚನೆ ಯಾರಿಗಾದರೂ ಇದ್ದರೆ ಅಲ್ಲೇ ಬಿಡಿಸಿ.

ಮೇಷ್ಟ್ರು, ಜಗಳೂರು

ವಕೀಲ ಸರ್, ನ್ಯಾಯದ ವಿಚಾರ ಬಂದಾಗ ಸಿರಿಗೆರೆಯ ತರಳಬಾಳು ನ್ಯಾಯಪೀಠವನ್ನೂ ಸೇರಿಸಬಾರದೆ? ಸೋಮವಾರ ನಡೆಯುತ್ತದೆ. ನಮ್ಮ ಭಾಗದ ಜನ ಜಮೀನು, ಪಾಲು, ಸಂಸಾರದ ವ್ಯಾಜ್ಯ ಹೊತ್ತು ಮೊದಲು ಅಲ್ಲಿಗೆ ಹೋಗುತ್ತಾರೆ.

ವಕೀಲ, ಪಿ.ಜೆ. ಬಡಾವಣೆ

ನೋಡಲಿ, ಬೇಡ ಎನ್ನುವುದಿಲ್ಲ ಮೇಷ್ಟ್ರೇ. ಆದರೆ ಅದೇ ದಿನ ಬೇಡ. ಮಠದ ತೀರ್ಮಾನ ಎರಡೂ ಕಡೆಯವರ ಒಪ್ಪಿಗೆಯ ಮೇಲೆ ನಿಲ್ಲುತ್ತದೆ, ಕೋರ್ಟಿನ ಡಿಕ್ರಿ ಹಾಗೆ ಜಾರಿ ಮಾಡಿಸಲು ಬರುವುದಿಲ್ಲ. ಪಾಲುಪಟ್ಟಿಗೆ ನೋಂದಣಿ ಬೇಕೇ ಬೇಕು. ಈ ವ್ಯತ್ಯಾಸ ತಿಳಿದ ಮೇಲೆ ಇಷ್ಟವಿದ್ದವರು ಸೋಮವಾರ ಹೋಗಿ ಬರಲಿ.

ಮೇಷ್ಟ್ರು, ಜಗಳೂರು

ಒಪ್ಪಿದೆ. ಇನ್ನು ಶಾಲೆ. ಅಕ್ಟೋಬರ್‌ನಲ್ಲಿ ದಸರಾ ರಜೆ ನೋಡಿಕೊಂಡು ದಿನ ಇಡಿ, ಇಲ್ಲದಿದ್ದರೆ ಬೀಗ ಹಾಕಿದ ಗೇಟು ನೋಡಿ ಬರಬೇಕಾಗುತ್ತದೆ. ಅಡುಗೆಮನೆಗೆ ಹನ್ನೊಂದು ಗಂಟೆಗೆ ಹೋಗಿ, ಹಾಜರಾತಿ ಪುಸ್ತಕ ಕೇಳಿ. 1ರಿಂದ 5ನೇ ತರಗತಿ ಮಗುವಿಗೆ ಧಾನ್ಯ 100 ಗ್ರಾಂ, 6ರಿಂದ 8ಕ್ಕೆ 150 ಗ್ರಾಂ. ಆವತ್ತು 60 ಮತ್ತು 40 ಮಕ್ಕಳು ಬಂದಿದ್ದರೆ 6 ಕೆ.ಜಿ., 6 ಕೆ.ಜಿ., ಒಟ್ಟು 12. ದಾಸ್ತಾನು ಪುಸ್ತಕದಲ್ಲಿ ಅಷ್ಟೇ ಕಳೆದಿದೆಯೇ ನೋಡಬೇಕು. ಹಾಲಿಗೆ ಮಗುವಿಗೆ 18 ಗ್ರಾಂ ಪುಡಿ, 150 ಮಿ.ಲೀ. ಹಾಲು.

ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ: ವೃತ್ತಿಪರರು ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಸೇರಿ ಶಾಲೆ ಉದ್ಧಾರ ಮಾಡಬಹುದು ಎಂದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಆ ಶಾಲೆಯ ಮಕ್ಕಳ ಪೋಷಕರು, ಒಟ್ಟರಲ್ಲಿ ಅರ್ಧ ಮಹಿಳೆಯರು. ಮಗುವನ್ನು ಖಾಸಗಿ ಶಾಲೆಗೆ ಕಳಿಸುವವರಿಗೆ ಅಲ್ಲಿ ಜಾಗವಿಲ್ಲ, ಇರಬೇಕಾಗಿಯೂ ಇಲ್ಲ. ಅವರು ಮಾಡಬಹುದಾದದ್ದು ಸಮಿತಿಯ ತಾಯಂದಿರಿಗೆ ಅನುದಾನದ ಲೆಕ್ಕ ಓದುವುದನ್ನು ಹೇಳಿಕೊಡುವುದು. ಆಡಿಟರ್ ಒಬ್ಬರು ತಿಂಗಳಿಗೆ ಎರಡು ಗಂಟೆ ಕೊಟ್ಟರೆ ಸಾಕು.

ಶಾಲೆಯ ಮಧ್ಯಾಹ್ನ ಖಾಲಿ ಉಳಿಯುತ್ತದೆ. ಆಜಾದ್ ನಗರ, ಬಾಷಾ ನಗರದ ಕಡೆ ಮಂಡಕ್ಕಿ ಭಟ್ಟಿಗೆ ಹೋಗಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಉಪ್ಪು ಹಿಡಿಸಿ, ಕಾದ ಮರಳಲ್ಲಿ ಹುರಿಯುತ್ತಾರೆ. ಬೆಂಕಿಯ ಮುಂದೆ ನಿಲ್ಲುವವರಿಗೆ ಇ.ಎಸ್.ಐ. ಇದೆಯೇ ಎಂದು ಕೇಳಿ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ. ಅವರ ಮಕ್ಕಳು ಬೆಳಗ್ಗೆ ನೋಡಿದ ಶಾಲೆಯಲ್ಲೇ ಓದುತ್ತಿರಬಹುದು, ಆದ್ದರಿಂದ ಅದೇ ಬಡಾವಣೆಯ ಶಾಲೆ ಆರಿಸಿ.

ಪಂಚಾಯತ್‌ರಾಜ್ ತರಬೇತುದಾರ, ಹರಿಹರ

ಮೇಷ್ಟ್ರ ಮಾತಿಗೆ ಸೇರಿಸಿ: ಗ್ರಾಮ ಪಂಚಾಯಿತಿಗೂ ಕಚೇರಿ ನೋಡಲು ಹೋಗಬೇಡಿ, ಜಮಾಬಂದಿಗೋ ಗ್ರಾಮಸಭೆಗೋ ಹೋಗಿ. ಜಮಾಬಂದಿ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ, ಹಿಂದಿನ ವರ್ಷದ ಲೆಕ್ಕವನ್ನು ಊರ ಮುಂದೆ ಓದುವುದು. ಗ್ರಾಮಸಭೆಗೆ ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಕೋರಂ. ಹಿಂದಿನ ಕುರ್ಚಿಯಲ್ಲಿ ಕೂತು ಕೇಳಬೇಕು. ವೇದಿಕೆ ಹತ್ತಬಾರದು, ಪ್ರಶ್ನೆ ಕೇಳಬಾರದು. ಅದು ಆ ಊರಿನ ಮತದಾರರ ಸಭೆ. ಪಟ್ಟಣದಿಂದ ಬಂದವರು ಮೈಕು ಹಿಡಿದರೆ ಊರಿನವರು ಬಾಯಿ ಮುಚ್ಚುತ್ತಾರೆ.

ನರ್ಸಿಂಗ್ ಅಧಿಕಾರಿ, ಸರ್ಕಾರಿ ಸೇವೆ

ಸಿ.ಜಿ. ಆಸ್ಪತ್ರೆಗೆ (ಚಿಗಟೇರಿ ಜಿಲ್ಲಾ ಆಸ್ಪತ್ರೆ) ಬರುವವರಿಗೆ: ಹೊರರೋಗಿಗಳ ಸಾಲು ಶುರುವಾಗುವ ಮೊದಲೇ ಬನ್ನಿ, ಚೀಟಿ ಕೌಂಟರಿನಿಂದ ಔಷಧ ಕೌಂಟರಿನವರೆಗೆ ಒಬ್ಬ ರೋಗಿ ಎಷ್ಟು ಕಡೆ ನಿಲ್ಲುತ್ತಾರೆ ಎಂದು ಎಣಿಸಿ. ರೋಗಿಯನ್ನು ಮಾತಾಡಿಸಬೇಡಿ, ಕೌಂಟರಿನಲ್ಲಿ ನಿಂತು ನೋಡಿದರೆ ಸಾಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ಅರ್ಧ ಗಂಟೆ ಕೊಡಿ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎ.ಪಿ.ಎಲ್.ಗೆ ನಿಗದಿತ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ರೆಫರಲ್ ಇಲ್ಲದೆ ಸೇರಿಕೊಂಡು ಆಮೇಲೆ ಕಾರ್ಡ್ ಹಿಡಿದು ಓಡಾಡುವವರೇ ಹೆಚ್ಚು. ನಿಮ್ಮ ತಂಡದ ಪ್ರತಿಯೊಬ್ಬರೂ ತಮ್ಮ ಮನೆಗೆಲಸದವರಿಗೆ, ಡ್ರೈವರ್‌ಗೆ, ಅಂಗಡಿ ಹುಡುಗರಿಗೆ ಇದನ್ನು ಹೇಳಿದರೂ ದೊಡ್ಡ ಉಪಕಾರ.

ಖಾಸಗಿ ಆಸ್ಪತ್ರೆ ನಡೆಸುವ ಡಾಕ್ಟರು ತಂಡದಲ್ಲಿದ್ದರೆ ಅಂದು ಹೋಲಿಕೆಯ ಮಾತು ಆಡದಂತೆ ಮೊದಲೇ ಹೇಳಿ. ಸಿಬ್ಬಂದಿಗೆ ನೋವಾಗುತ್ತದೆ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ.

ಸಿವಿಲ್ ಎಂಜಿನಿಯರ್, ನಿಜಲಿಂಗಪ್ಪ ಬಡಾವಣೆ

ಹತ್ತು ತಿಂಗಳು ಮುಗಿದ ಮೇಲೆ? ಪ್ರಮಾಣಪತ್ರ ಕೊಟ್ಟು ಗುಂಪು ಫೋಟೋ ತೆಗೆಸಿ ಬಿಟ್ಟರೆ ವ್ಯರ್ಥ ಅನಿಸುತ್ತದೆ.

ಲೆಕ್ಕಪರಿಶೋಧಕಿ, ವಿದ್ಯಾನಗರ

ಜನರಿಗೆ ಈಗಾಗಲೇ ಕಾನೂನಿನಲ್ಲಿ ಇಟ್ಟಿರುವ ಜಾಗಗಳಿಗೆ ಕಳಿಸಿ. ಪಾಲಿಕೆ ಕಾಯ್ದೆಯಲ್ಲಿ ಪ್ರತಿ ವಾರ್ಡಿಗೆ ವಾರ್ಡ್ ಸಮಿತಿ, ಹತ್ತು ಜನ ನಾಮನಿರ್ದೇಶಿತ ಸದಸ್ಯರು. ಅವರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಮೂವರು ಮಹಿಳೆಯರು, ಇಬ್ಬರು ನಿವಾಸಿ ಸಂಘದವರು. 45 ವಾರ್ಡಿಗೆ 450 ಸ್ಥಾನ. ಅರ್ಜಿ ಕರೆದಾಗ ಹಾಕುವವರು ಬೇಕು, ಕರೆಯದಿದ್ದರೆ ಕರೆಯಿರಿ ಎಂದು ಬರೆದು ಕೇಳುವವರೂ ಬೇಕು. ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇದೆ. ಕಾನೂನು ಸೇವಾ ಪ್ರಾಧಿಕಾರಕ್ಕೆ ಅರೆ ಕಾನೂನು ಸ್ವಯಂಸೇವಕರು ಬೇಕು. ಮಕ್ಕಳ ಕಲ್ಯಾಣ ಸಮಿತಿಗೆ ಅರ್ಜಿ ಹಾಕುವವರು ಸಂಬಂಧಿತ ವಿಷಯದಲ್ಲಿ ಪದವಿ ಪಡೆದಿರಬೇಕು, ಜೊತೆಗೆ ಮಕ್ಕಳಿಗಾಗಿ ಏಳು ವರ್ಷ ಕೆಲಸ ಮಾಡಿರಬೇಕು ಅಥವಾ ಆ ವೃತ್ತಿಯಲ್ಲಿರಬೇಕು. ತಿಂಗಳಿಗೆ ಕನಿಷ್ಠ 20 ದಿನ ಕೂರುವ ಕೆಲಸವದು, ಆಸ್ಪತ್ರೆ, ಆಫೀಸು ನಡೆಸುವವರಿಗೆ ಆಗದು. ಇದನ್ನೂ ಸ್ಪಷ್ಟ ಹೇಳಿ.

ಮಾರ್ಚ್ ದಿನ ಪ್ರತಿಯೊಬ್ಬರೂ ಒಂದು ಸ್ಥಾನದ ಹೆಸರು, ತಿಂಗಳಿಗೆ ಕೊಡುವ ಗಂಟೆ ಬರೆದು ಕೊಡಲಿ. ಎರಡು ಭೇಟಿ ತಪ್ಪಿಸಿದವರ ಹೆಸರು ತೆಗೆಯುವ ನಿಯಮ ಮೊದಲ ದಿನವೇ ಇರಲಿ. ಇಂಥ ತಂಡಗಳು ನಾಲ್ಕನೇ ತಿಂಗಳಿಗೆ ಸೊರಗುತ್ತವೆ, ಮಳೆಗಾಲದ ಉತ್ಸಾಹ ದೀಪಾವಳಿ ಹೊತ್ತಿಗೆ ಇರುವುದಿಲ್ಲ.

ಪಂಚಾಯತ್‌ರಾಜ್ ತರಬೇತುದಾರ, ಹರಿಹರ

ಪತ್ರದ ಬಗ್ಗೆ ಹೇಳುವುದು ಉಳಿದಿತ್ತು. ಜಿಲ್ಲಾಧಿಕಾರಿಗಳಿಗೆ ಒಂದು, ಆಯಾ ಸಂಸ್ಥೆಯ ಮುಖ್ಯಸ್ಥರಿಗೆ ಪ್ರತಿ, 21 ದಿನ ಮುಂಚೆ. ಹುದ್ದೆಗೆ ಬರೆಯಿರಿ, ಹೆಸರಿಗೆ ಬೇಡ. ಅಷ್ಟರಲ್ಲಿ ವರ್ಗಾವಣೆ ಆದರೆ ಪತ್ರ ಅವರ ಹಿಂದೆಯೇ ಹೋಗುತ್ತದೆ. ಒಂದೇ ಪುಟ: ಎಷ್ಟು ಜನ, ಎಷ್ಟು ಹೊತ್ತು, ಯಾವ ದಾಖಲೆ ನೋಡಬಯಸುತ್ತೇವೆ, ಐದು ಪ್ರಶ್ನೆ. ಕೆಳಗೆ ನಾಲ್ಕು ಸಾಲು: ಸನ್ಮಾನ ಬೇಡ, ತಿಂಡಿ ವ್ಯವಸ್ಥೆ ಬೇಡ, ಫೋಟೋ ತೆಗೆಯುವುದಿಲ್ಲ, ಯಾರೂ ಸ್ವಂತ ಅರ್ಜಿ ತರುವುದಿಲ್ಲ. ಕೊನೆಯ ಸಾಲು ಅತಿ ಮುಖ್ಯ. ಖಾತೆ ಬದಲಾವಣೆಯ ಕಡತ ಕಂಕುಳಲ್ಲಿ ಇಟ್ಟುಕೊಂಡು ಬಂದವರೊಬ್ಬರಿದ್ದರೆ ಇಡೀ ತಂಡದ ಭೇಟಿ ಕೆಡುತ್ತದೆ.

ನರ್ಸಿಂಗ್ ಅಧಿಕಾರಿ, ಸರ್ಕಾರಿ ಸೇವೆ

ಗುರುವಾರ ನಮಗೆ ಅನುಕೂಲ. ಸೋಮವಾರ ಮಾತ್ರ ಯಾವತ್ತೂ ಇಡಬೇಡಿ, ಭಾನುವಾರದ ರೋಗಿಗಳೂ ಸೇರಿ ಸಾಲು ಗೇಟಿನವರೆಗೆ ಬಂದಿರುತ್ತದೆ. ಜನವರಿಯಲ್ಲಿ ಸಂಕ್ರಾಂತಿ ವಾರ ಬಿಟ್ಟು ಬನ್ನಿ.